ನಳಿಕೆ ಹಾಕದೆ ಮೂತ್ರಕೋಶ ಅಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಬೆಂಗಳೂರಿನ ಮೂರು ಬಗೆಯ ಓದುಗರಿಗಾಗಿ: ಯೂರೋಫ್ಲೋ (ಮೂತ್ರದ ಹರಿವಿನ ಪರೀಕ್ಷೆ) ಅಥವಾ ಸ್ಕ್ಯಾನ್‌ಗೆ ಬರೆಸಿಕೊಂಡು ಬಂದವರು, "ನಮ್ಮ ಅಧ್ಯಯನಕ್ಕೆ ಸೇರ್ತೀರಾ?" ಎಂದು ಕೇಳಿಸಿಕೊಂಡವರು, ಈ ವಿಷಯದಲ್ಲಿ ಪ್ರಾಜೆಕ್ಟ್ ಹಿಡಿದ ಎಂಜಿನಿಯರಿಂಗ್ ವಿದ್ಯಾರ್ಥಿಗಳು. ಎಲ್ಲವನ್ನೂ ಒಂದೇ ಸಲ ಓದಬೇಕಿಲ್ಲ. ನಿಮಗೆ ಬೇಕಾದ ಪ್ರಶ್ನೆ ಹುಡುಕಿ ಓದಿ.

ಮೂತ್ರಕೋಶ ಅಂದ್ರೆ ಕಿಡ್ನಿ ತಾನೆ?

ಅಲ್ಲ. ಕಿಡ್ನಿ ಎಂದರೆ ಮೂತ್ರಪಿಂಡ, ಅದು ಮೂತ್ರ ತಯಾರಿಸುತ್ತದೆ. ಮೂತ್ರಕೋಶ ಕಿಬ್ಬೊಟ್ಟೆಯಲ್ಲಿರುವ ಸ್ನಾಯುವಿನ ಚೀಲ, ಅದು ತುಂಬಿಸಿಕೊಂಡು ಹೊತ್ತು ನೋಡಿ ಹೊರಹಾಕುತ್ತದೆ. ದೊಡ್ಡವರಲ್ಲಿ ಸುಮಾರು 400ರಿಂದ 600 ಮಿ.ಲೀ. ಹಿಡಿಯುತ್ತದೆ. 150–250 ಮಿ.ಲೀ. ತುಂಬುವ ಹೊತ್ತಿಗೆ ಮೊದಲ ಸೂಚನೆ ಸಿಗುತ್ತದೆ.

ನಳಿಕೆ (ಕ್ಯಾತಿಟರ್) ಇಲ್ಲದೆ ಏನೇನು ಗೊತ್ತಾಗುತ್ತದೆ?

ವೈದ್ಯರಿಗೆ ಬೇಕಾಗಿರುವುದು ನಾಲ್ಕು ಸಂಗತಿ. ಎಷ್ಟು ತುಂಬಿದೆ? ಎಷ್ಟು ರಭಸದಲ್ಲಿ ಹೊರಬರುತ್ತಿದೆ? ಹೋಗಿ ಬಂದ ಮೇಲೆ ಒಳಗೆ ಎಷ್ಟು ಉಳಿಯಿತು? ಹೊರಹಾಕುವಾಗ, ತುಂಬಿಸಿಕೊಳ್ಳುವಾಗ ಒಳಗಿನ ಒತ್ತಡ ಎಷ್ಟು? ಮೊದಲ ಮೂರನ್ನು ಇವತ್ತೇ ನಳಿಕೆ ಇಲ್ಲದೆ, ನೋವಿಲ್ಲದೆ ಅಳೆಯಬಹುದು. ಸಂಶೋಧನೆಯ ಕಷ್ಟವೆಲ್ಲ ನಾಲ್ಕನೆಯದರಲ್ಲಿದೆ.

ಒತ್ತಡ ಯಾಕೆ ಬೇಕು ಎಂಬುದು ಬೆಂಗಳೂರಿನವರಿಗೆ ಬೇಗ ಅರ್ಥವಾಗುತ್ತದೆ. ಸಂಪ್‌ನಿಂದ ಮೇಲಿನ ಟ್ಯಾಂಕಿಗೆ ನೀರು ಸಣ್ಣಗೆ ಏರುತ್ತಿದೆ ಎಂದಿಟ್ಟುಕೊಳ್ಳಿ. ಪೈಪ್ ಕಟ್ಟಿದೆಯೋ, ಮೋಟಾರ್ ಸೋತಿದೆಯೋ? ಬೀಳುವ ನೀರನ್ನು ನೋಡಿಯೇ ಹೇಳಲಾಗದು. ಮೂತ್ರದ ಧಾರೆ ಸಣ್ಣದಾದಾಗಲೂ ಹಾಗೆಯೇ. ಪ್ರಾಸ್ಟೇಟ್ ಗ್ರಂಥಿ ದಾರಿ ಅಡ್ಡಗಟ್ಟಿರಬಹುದು, ಇಲ್ಲವೇ ಮೂತ್ರಕೋಶದ ಸ್ನಾಯುವೇ ಬಲ ಕಳೆದುಕೊಂಡಿರಬಹುದು. ಮೊದಲನೆಯದಕ್ಕೆ ಶಸ್ತ್ರಚಿಕಿತ್ಸೆಯಿಂದ ಚೆನ್ನಾಗಿ ಪ್ರಯೋಜನ, ಎರಡನೆಯದಕ್ಕೆ ಅಷ್ಟಿಲ್ಲ. ಇದನ್ನು ಖಚಿತವಾಗಿ ಬೇರ್ಪಡಿಸುವ ಪರೀಕ್ಷೆ ಯೂರೋಡೈನಮಿಕ್ಸ್. ಮೂತ್ರಕೋಶಕ್ಕೊಂದು, ಗುದದೊಳಗೊಂದು ಸಣ್ಣ ನಳಿಕೆ ಇಟ್ಟು, ಹೊಟ್ಟೆಯ ಒತ್ತಡ ಕಳೆದು ಸ್ನಾಯುವಿನ ಸ್ವಂತ ಒತ್ತಡ ಕಂಡುಹಿಡಿಯುತ್ತಾರೆ. ಉರಿ, ಸೋಂಕಿನ ಭಯ, ಮುಜುಗರ ಮೂರೂ ಅದರ ಜೊತೆಗಿವೆ. ಅನಗತ್ಯವಾಗಿ ಅದನ್ನು ಮಾಡಿಸಿಕೊಳ್ಳುವವರ ಸಂಖ್ಯೆ ಇಳಿಯಬೇಕು. ಈ ಸಂಶೋಧನೆಯ ಪ್ರಾಮಾಣಿಕ ಗುರಿ ಅಷ್ಟೇ. ಯೂರೋಡೈನಮಿಕ್ಸ್ ಇನ್ನು ಬೇಡವೇ ಬೇಡ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ನಮ್ಮಪ್ಪಂಗೆ 72. ರಾತ್ರಿ ನಾಲ್ಕು ಸಲ ಏಳ್ತಾರೆ. ಮೊದಲು ಯಾವ ಸ್ಕ್ಯಾನ್ ಮಾಡಿಸಬೇಕು?

ಸ್ಕ್ಯಾನ್‌ಗಿಂತ ಮೊದಲು ಮೂತ್ರದ ಡೈರಿ. ಒಂದು ಪುಸ್ತಕ, ಒಂದು ಅಳತೆ ಜಾರ್, ಮೂರು ದಿನ. ಇಷ್ಟು ಅಗ್ಗದ, ಇಷ್ಟು ಉಪಯೋಗದ ಉಪಕರಣ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ. ಆದರೂ ಅದನ್ನು ಸರಿಯಾಗಿ ತುಂಬಿಸಿ ತರುವವರು ಕಡಿಮೆ.

ಮೆಡಿಕಲ್ ಶಾಪ್‌ನಲ್ಲಿ ಗೆರೆ ಹಾಕಿದ ಪ್ಲಾಸ್ಟಿಕ್ ಜಾರ್ ಸಿಗುತ್ತದೆ. ಸಿಗದಿದ್ದರೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಹಳೆಯ ಡಬ್ಬ ಇಟ್ಟು ತೂಗಿ. ಮೂತ್ರದ ಸಾಂದ್ರತೆ 1.003ರಿಂದ 1.030ರವರೆಗೆ ಮಾತ್ರ ಇರುವುದರಿಂದ ಒಂದು ಗ್ರಾಂ ಎಂದರೆ ಒಂದು ಮಿ.ಲೀ. ಎಂದು ಹಿಡಿದರೆ ಸಾಕು. ಪ್ರತಿ ಸಲವೂ ಗಂಟೆ, ಪ್ರಮಾಣ, ತಡೆಯಲಾಗದ ಅವಸರ ಇತ್ತೇ, ಸೋರಿತೇ ಎಂದು ಬರೆಯಿರಿ. ಕುಡಿದದ್ದನ್ನೂ ಬರೆಯಿರಿ: ನೀರು, ಕಾಫಿ, ಮಜ್ಜಿಗೆ, ಸಾರು. ಮನೆಯ ಲೋಟ ಎಷ್ಟು ಹಿಡಿಯುತ್ತದೆ ಎಂದು ಒಮ್ಮೆ ಅಳೆದಿಟ್ಟುಕೊಂಡರೆ ಆಮೇಲೆ "ಒಂದು ಲೋಟ" ಎಂದು ಬರೆದರೂ ಲೆಕ್ಕ ಸಿಗುತ್ತದೆ. ಮಲಗಿದ ಹೊತ್ತು ಮತ್ತು ಎದ್ದ ಹೊತ್ತು ಬರೆಯುವುದನ್ನು ಬಹಳ ಜನ ಮರೆಯುತ್ತಾರೆ. ಅದಿಲ್ಲದೆ ರಾತ್ರಿಯ ಲೆಕ್ಕ ಮಾಡಲಾಗದು.

ರಾತ್ರಿಯ ಪ್ರಮಾಣಕ್ಕೆ ಬೆಳಿಗ್ಗೆ ಎದ್ದಾಗಿನ ಮೊದಲ ಮೂತ್ರ ಸೇರುತ್ತದೆ, ಮಲಗುವ ಮುಂಚಿನದು ಸೇರುವುದಿಲ್ಲ. ಮೊದಲ ದಿನ ಎದ್ದಾಗಿನದು ಹಿಂದಿನ ರಾತ್ರಿಗೆ ಹೋಗುತ್ತದೆ. 65 ದಾಟಿದವರಲ್ಲಿ ರಾತ್ರಿಯ ಪ್ರಮಾಣ ದಿನದ ಒಟ್ಟಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿದ್ದರೆ, ರಾತ್ರಿ ಹೊತ್ತು ಮೂತ್ರ ತಯಾರಾಗುವುದೇ ಹೆಚ್ಚು ಎಂದರ್ಥ. ಆಗ ಪ್ರಾಸ್ಟೇಟ್ ಒಂದನ್ನೇ ದೂರಿ ಪ್ರಯೋಜನವಿಲ್ಲ. ಸಂಜೆ ಕಾಲು ಊದುತ್ತದೆಯೇ, ಗೊರಕೆಯ ನಡುವೆ ಉಸಿರು ಕಟ್ಟುತ್ತದೆಯೇ, ನೀರು ತೆಗೆಯುವ ಮಾತ್ರೆಯನ್ನು ಯಾವ ಹೊತ್ತಿಗೆ ನುಂಗುತ್ತಾರೆ ಎಂದು ನೋಡಬೇಕು. ದಿನದ ಒಟ್ಟು ಪ್ರಮಾಣ ದೇಹತೂಕದ ಒಂದು ಕಿಲೋಗೆ 40 ಮಿ.ಲೀ. ಮೀರಿದರೆ, ಅಂದರೆ 60 ಕಿಲೋ ತೂಕದವರಲ್ಲಿ 2,400 ಮಿ.ಲೀ. ದಾಟಿದರೆ, ಸಕ್ಕರೆ ಪರೀಕ್ಷೆ ಮೊದಲು. ಇನ್ನು ಪ್ರತಿ ಸಲವೂ ಬರೀ 80–100 ಮಿ.ಲೀ. ಹೋಗುತ್ತಿದ್ದರೆ ತೊಂದರೆ ಮೂತ್ರಕೋಶದ ಕಡೆಯದು. ಆಗ ಯೂರೋಫ್ಲೋ ಮತ್ತು ಸ್ಕ್ಯಾನ್‌ಗೆ ಅರ್ಥ ಬರುತ್ತದೆ.

ಇದರ ಜೊತೆಗೆ ಐಪಿಎಸ್‌ಎಸ್ ಎಂಬ, ಮೂತ್ರದ ತೊಂದರೆಗೆ ಅಂಕ ಕೊಡುವ ಏಳು ಪ್ರಶ್ನೆಗಳ ಪಟ್ಟಿ ತುಂಬಿಸುತ್ತಾರೆ. 0–7 ಸಣ್ಣ ತೊಂದರೆ, 8–19 ಮಧ್ಯಮ, 20–35 ತೀವ್ರ. ಪಕ್ಕದಲ್ಲಿ ಕೂತ ಮಗ ಉತ್ತರ ಹೇಳಬಾರದು, ತಂದೆಯೇ ಹೇಳಲಿ.

ಯೂರೋಫ್ಲೋ ಪರೀಕ್ಷೆಗೆ ಹೇಗೆ ತಯಾರಾಗಬೇಕು?

ಆಲಿಕೆಯಿಟ್ಟ ಕುರ್ಚಿ ಅಥವಾ ಸ್ಟ್ಯಾಂಡ್ ಇರುತ್ತದೆ. ಅದರೊಳಕ್ಕೆ ಎಂದಿನಂತೆ ಮೂತ್ರ ಮಾಡಿದರಾಯಿತು, ಯಂತ್ರ ಕ್ಷಣಕ್ಷಣದ ಹರಿವನ್ನು ಗೆರೆಯಾಗಿ ಬರೆಯುತ್ತದೆ. ಅಮೆರಿಕದ ವೈದ್ಯ ವಿಲ್ಲಾರ್ಡ್ ಡ್ರೇಕ್ 1948ರಲ್ಲಿ ವಿವರಿಸಿದ ಉಪಾಯ ಇದು. ಮೂಲ ತತ್ವ ಇಂದಿಗೂ ಬದಲಾಗಿಲ್ಲ.

ಯಂತ್ರ ಕೆಡುವುದಕ್ಕಿಂತ ಹೆಚ್ಚಾಗಿ ತಯಾರಿ ಕೆಟ್ಟು ಫಲಿತಾಂಶ ಕೆಡುತ್ತದೆ. ಬನಶಂಕರಿಯಲ್ಲಿ ಒಂದು ಲೀಟರ್ ಕುಡಿದು ಹೊರಟು ದಾರಿಯಲ್ಲಿ ಟ್ರಾಫಿಕ್‌ಗೆ ಸಿಕ್ಕರೆ, ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮೂತ್ರಕೋಶ ಅತಿಯಾಗಿ ಹಿಗ್ಗಿರುತ್ತದೆ. ಹಿಗ್ಗಿದ ಸ್ನಾಯು ಸರಿಯಾಗಿ ಹಿಂಡಲಾರದು, ಆರೋಗ್ಯವಂತರ ಗೆರೆಯೂ ರೋಗಿಯದರಂತೆ ಕಾಣುತ್ತದೆ. ಹಾಗಾಗಿ ಆಸ್ಪತ್ರೆಗೆ ಬಂದು ಹೆಸರು ಬರೆಸಿದ ಮೇಲೆ ಅರ್ಧದಿಂದ ಒಂದು ಲೀಟರ್ ನೀರನ್ನು ನಿಧಾನವಾಗಿ ಕುಡಿಯಿರಿ. ನೀರಿಗೆ ಮಿತಿ ಹೇರಿರುವ ಹೃದಯ ಮತ್ತು ಕಿಡ್ನಿ ರೋಗಿಗಳು ಕುಡಿಯುವ ಮುಂಚೆ ವೈದ್ಯರನ್ನು ಕೇಳಲೇಬೇಕು. ಚೆನ್ನಾಗಿ ಅವಸರವಾದಾಗ ಹೋಗಿ, ನೋವಾಗುವ ತನಕ ತಡೆಯಬೇಡಿ. 150 ಮಿ.ಲೀ.ಗಿಂತ ಕಡಿಮೆ ಹೋದರೆ ಆ ಗೆರೆಯನ್ನು ಓದಬಾರದು, ಇನ್ನೊಮ್ಮೆ ಮಾಡಬೇಕು.

ಮನೆಯಲ್ಲಿ ನಿಂತು ಹೋಗುವವರು ನಿಂತೇ, ಕೂತು ಹೋಗುವವರು ಕೂತೇ ಹೋಗಿ. ತಿಣುಕಬೇಡಿ. ಧಾರೆ ಆಲಿಕೆಯ ಒಂದೇ ಜಾಗಕ್ಕೆ ಬೀಳಲಿ. ಅತ್ತಿತ್ತ ತಿರುಗಿದರೆ ಗೆರೆಯಲ್ಲಿ ಸುಳ್ಳು ಏರಿಳಿತ ಮೂಡುತ್ತದೆ, ಆಲಿಕೆಗೆ ಕಾಲು ತಾಗಿದರೆ ಸುಳ್ಳು ಶಿಖರ ಮೂಡುತ್ತದೆ. ಬಾಗಿಲಾಚೆ ಜನ ಕಾಯುತ್ತಿರುವಾಗ ಮೂತ್ರ ಬಾರದಿರುವುದು ರೋಗವಲ್ಲ. ಖಾಸಗಿ ಕೋಣೆ ಕೇಳುವುದು ನಿಮ್ಮ ಹಕ್ಕು, ಪರೀಕ್ಷೆಯ ಗುಣಮಟ್ಟಕ್ಕೂ ಅದು ಬೇಕು.

ಗಂಡಸರಲ್ಲಿ ಗರಿಷ್ಠ ಹರಿವು ಸೆಕೆಂಡಿಗೆ 15 ಮಿ.ಲೀ. ದಾಟಿ, ಗೆರೆ ಗಂಟೆಯ ಆಕಾರದಲ್ಲಿದ್ದರೆ ಸಮಾಧಾನ. 10ಕ್ಕಿಂತ ಕಡಿಮೆಯಾದರೆ ಅಡ್ಡಿ ಅಥವಾ ದುರ್ಬಲ ಸ್ನಾಯು. ಒಂದೇ ಪರೀಕ್ಷೆ ನಂಬಿ ನಿರ್ಧಾರ ಮಾಡಬೇಡಿ, ಕನಿಷ್ಠ ಎರಡು ಸಲ ಮಾಡಿಸಿ.

ಮೂತ್ರ ಮಾಡಿದ ಮೇಲೆ 180 ಉಳಿದಿದೆ ಅಂತ ರಿಪೋರ್ಟ್ ಬಂದಿದೆ. ಗಾಬರಿ ಆಗಬೇಕಾ?

ಮೊದಲು ಕೇಳಬೇಕಾದ್ದು: ಮೂತ್ರ ಮಾಡಿ ಎಷ್ಟು ನಿಮಿಷಕ್ಕೆ ಸ್ಕ್ಯಾನ್ ಆಯಿತು? ಒಂದು ಲೀಟರ್ ನೀರು ಕುಡಿದವರ ಕಿಡ್ನಿ ನಿಮಿಷಕ್ಕೆ 10 ಮಿ.ಲೀ. ತನಕ ಮೂತ್ರ ಮಾಡಬಲ್ಲದು. ಯೂರೋಫ್ಲೋ ಒಂದು ಕಡೆ, ಸ್ಕ್ಯಾನ್ ಇನ್ನೊಂದು ಮಹಡಿಯಲ್ಲಿ, ನಡುವೆ 15 ನಿಮಿಷ ಕ್ಯೂ ಎಂದರೆ 150 ಮಿ.ಲೀ. ಹೊಸದಾಗಿ ತುಂಬಿರಬಹುದು. ಅದನ್ನು "ಉಳಿದದ್ದು" ಎಂದು ಬರೆದರೆ ತಪ್ಪು. ಶೌಚಾಲಯದಿಂದ ನೇರ ಮಂಚಕ್ಕೆ, ಐದು ನಿಮಿಷದೊಳಗೆ, ಇದೇ ಒಳ್ಳೆಯ ಕ್ರಮ.

ಲೆಕ್ಕ ಹೀಗಿದೆ. ಉದ್ದ, ಅಗಲ, ಎತ್ತರ ಮೂರನ್ನೂ ಸೆಂಟಿಮೀಟರ್‌ನಲ್ಲಿ ಅಳೆದು ಗುಣಿಸಿ 0.52ರಿಂದ ಗುಣಿಸುತ್ತಾರೆ. 8, 7, 6 ಇದ್ದರೆ ಸುಮಾರು 175 ಮಿ.ಲೀ. ಇದು ಮೂತ್ರಕೋಶ ಮೊಟ್ಟೆಯಾಕಾರದಲ್ಲಿದೆ ಎಂದು ಊಹಿಸಿದ ಲೆಕ್ಕ. ಅರ್ಧ ಖಾಲಿಯಾದ ಮೂತ್ರಕೋಶ ಚಪ್ಪಟೆಯಾಗಿಯೋ ಮೂಲೆಮೂಲೆಯಾಗಿಯೋ ಇರುತ್ತದೆ, ಆಗ ಶೇ. 15–20ರಷ್ಟು ತಪ್ಪು ಸಹಜ. ಬ್ಲ್ಯಾಡರ್ ಸ್ಕ್ಯಾನರ್ ಎಂಬ ಕೈ ಯಂತ್ರ ಹಲವು ಕೋನಗಳಿಂದ ನೋಡಿ ತಾನೇ ಲೆಕ್ಕ ಹಾಕುತ್ತದೆ. ಆದರೆ ಅದು ಒಳಗಿನ ಯಾವುದೇ ನೀರಿನ ಚೀಲವನ್ನು ಮೂತ್ರಕೋಶ ಎಂದುಕೊಳ್ಳಬಲ್ಲದು: ಅಂಡಾಶಯದ ಗಂಟು, ಹೊಟ್ಟೆಯಲ್ಲಿ ತುಂಬಿದ ನೀರು, ಗರ್ಭ. ಜೆಲ್ ಕಡಿಮೆಯಾದರೂ, ಹಳೆಯ ಆಪರೇಷನ್ನಿನ ಗಾಯದ ಗುರುತಿನ ಮೇಲಿಟ್ಟರೂ ಸಂಖ್ಯೆ ಕೆಡುತ್ತದೆ. ಮೂರು ಸಲ ನೋಡಿ, ಮೂರೂ ಹತ್ತಿರವಿದ್ದರೆ ನಂಬಬೇಕು.

50 ಮಿ.ಲೀ. ಒಳಗಿದ್ದರೆ ಚಿಂತೆಯಿಲ್ಲ. 200 ದಾಟಿದ್ದು ಮತ್ತೆ ಮತ್ತೆ ಬಂದರೆ ತನಿಖೆ ಬೇಕು. 300ಕ್ಕಿಂತ ಹೆಚ್ಚು ಆರು ತಿಂಗಳಿಂದ ಉಳಿಯುತ್ತಿದ್ದರೆ ಅದನ್ನು ದೀರ್ಘಕಾಲದ ಮೂತ್ರ ನಿಲುಗಡೆ ಎನ್ನುತ್ತಾರೆ. ನಿಮ್ಮ 180ಕ್ಕೆ ಉತ್ತರ: ಇನ್ನೊಮ್ಮೆ, ಸರಿಯಾದ ಹೊತ್ತಿಗೆ ಅಳೆಯಿಸಿ.

ಹಾಗಾದರೆ ಒತ್ತಡವನ್ನು ಹೊರಗಿನಿಂದ ಅಳೆಯುವ ದಾರಿಯೇ ಇಲ್ಲವೇ?

ಕೆಲವು ಇವೆ, ಪ್ರತಿಯೊಂದಕ್ಕೂ ಮಿತಿ ಇದೆ.

ಗಂಡಸರಿಗೆ ಕಫ್ ಪರೀಕ್ಷೆ. ಬಿಪಿ ನೋಡುವ ಪಟ್ಟಿಯ ಪುಟ್ಟ ರೂಪ ಎನ್ನಿ. ಬ್ರಿಟನ್ನಿನ ನ್ಯೂಕ್ಯಾಸಲ್‌ನಲ್ಲಿ ಬೆಳೆದ ವಿಧಾನ. ಶಿಶ್ನಕ್ಕೆ ಪಟ್ಟಿ ಸುತ್ತಿ, ಮೂತ್ರ ಹರಿಯುತ್ತಿರುವಾಗ ಸೆಕೆಂಡಿಗೆ 10 ಸೆಂ.ಮೀ. ನೀರಿನಷ್ಟು (ಅಷ್ಟು ಎತ್ತರದ ನೀರು ಒತ್ತುವಷ್ಟು) ಒತ್ತಡ ಏರಿಸುತ್ತಾರೆ. ಹರಿವು ನಿಂತ ಕ್ಷಣದ ಪಟ್ಟಿಯ ಒತ್ತಡವೇ ಹೆಚ್ಚುಕಡಿಮೆ ಮೂತ್ರಕೋಶದ ಒತ್ತಡ. ಕೂಡಲೇ ಗಾಳಿ ಬಿಡುತ್ತಾರೆ, ಹರಿವು ಮರಳುತ್ತದೆ, ಮತ್ತೆ ಏರಿಸುತ್ತಾರೆ. 200 ಸೆಂ.ಮೀ. ತಲುಪಿದರೆ ಯಂತ್ರ ತಾನೇ ನಿಲ್ಲಿಸುತ್ತದೆ. ಕಫ್ ಅಳತೆ ಹೊಂದದಿದ್ದರೆ ಒತ್ತಡ ತಪ್ಪಾಗಿ ಕಾಣುತ್ತದೆ. ರೋಗಿ ತಿಣುಕಿದರೆ ಹೊಟ್ಟೆಯ ಒತ್ತಡವೂ ಸೇರಿಬಿಡುತ್ತದೆ, ಏಕೆಂದರೆ ಇಲ್ಲಿ ಅದನ್ನು ಕಳೆಯುವ ಗುದದ ನಳಿಕೆ ಇಲ್ಲ.

ಅಲ್ಟ್ರಾಸೌಂಡ್ ಮೂಲಕ ಮೂತ್ರಕೋಶದ ಗೋಡೆ ನೋಡುವುದು ಇನ್ನೊಂದು. ಅಡ್ಡಿಯ ಎದುರು ವರ್ಷಗಟ್ಟಲೆ ದುಡಿದ ಸ್ನಾಯು ದಪ್ಪವಾಗುತ್ತದೆ. 250 ಮಿ.ಲೀ. ತುಂಬಿರುವಾಗ ಸ್ನಾಯುಪದರ 2 ಮಿ.ಮೀ. ಅಥವಾ ಹೆಚ್ಚಿದ್ದರೆ ಅಡ್ಡಿಯ ಅನುಮಾನ ಬಲವಾಗುತ್ತದೆ. ತುಂಬಿದಂತೆ ಗೋಡೆ ತೆಳುವಾಗುವುದರಿಂದ, ಎಷ್ಟು ತುಂಬಿತ್ತು ಎಂದು ಬರೆಯದ ರಿಪೋರ್ಟಿಗೆ ಬೆಲೆಯಿಲ್ಲ. ಪ್ರಾಸ್ಟೇಟ್ ಮೂತ್ರಕೋಶದೊಳಕ್ಕೆ 10 ಮಿ.ಮೀ.ಗಿಂತ ಹೆಚ್ಚು ಚಾಚಿದ್ದರೂ ಅದೇ ಸೂಚನೆ.

ಮೂರನೆಯದು ಅವಕೆಂಪು (ಇನ್‌ಫ್ರಾರೆಡ್) ಬೆಳಕು. ಬೆರಳಿಗೆ ಹಾಕುವ ಆಕ್ಸಿಮೀಟರ್‌ನ ನಂಟ. ಕಿಬ್ಬೊಟ್ಟೆಯ ಮೇಲಿಂದ ಬೆಳಕು ಹಾಯಿಸಿ, ಹಿಂಡುವಾಗ ಸ್ನಾಯುವಿನ ರಕ್ತದಲ್ಲಿ ಆಮ್ಲಜನಕ ಹೇಗೆ ಬದಲಾಗುತ್ತದೆ ಎಂದು ನೋಡುತ್ತಾರೆ. ಕೆನಡಾದ ವ್ಯಾಂಕೂವರ್‌ನಲ್ಲಿ ಇದರ ಕೆಲಸ ಬಹಳ ನಡೆದಿದೆ. ಹೊಟ್ಟೆಯ ಕೊಬ್ಬು ದಪ್ಪವಿದ್ದರೆ ಬೆಳಕು ಸ್ನಾಯು ಮುಟ್ಟುವುದೇ ಇಲ್ಲ, ಸ್ವಲ್ಪ ಅಲುಗಿದರೂ ಗೆರೆ ಕಲಕುತ್ತದೆ. ನಮ್ಮ ಅಭಿಪ್ರಾಯದಲ್ಲಿ ಇದು ಇನ್ನೂ ಪ್ರಯೋಗಾಲಯದ್ದು. ಇದೊಂದನ್ನೇ ನಂಬಿ ಆಪರೇಷನ್ ನಿರ್ಧರಿಸಬಾರದು.

ಹೊಟ್ಟೆಗೆ ಅಂಟಿಸುವ ಪಟ್ಟಿ ಬಂದಿದೆಯಂತೆ, ನಿಜವೇ?

ನಿಜ. ಜಪಾನಿನ ಡಿಫ್ರೀ ಎಂಬ ಧರಿಸುವ ಅಲ್ಟ್ರಾಸೌಂಡ್ ಸಾಧನ ಮೂತ್ರಕೋಶ ತುಂಬುತ್ತಾ ಬಂದಾಗ ಫೋನಿಗೆ ಸೂಚನೆ ಕಳಿಸುತ್ತದೆ. 2023ರಲ್ಲಿ ಅಮೆರಿಕದ ಎಂಐಟಿ ತಂಡ ಚರ್ಮಕ್ಕೆ ಹೊಂದಿಕೊಂಡು ಬಾಗುವ ಅಲ್ಟ್ರಾಸೌಂಡ್ ಪಟ್ಟಿಯನ್ನು ಪ್ರಕಟಿಸಿತು. ಅವಸರ ಗೊತ್ತಾಗದ ಹಿರಿಯರಿಗೆ, ಹಾಸಿಗೆ ಹಿಡಿದವರಿಗೆ ಇಂಥವು ನಿಜವಾದ ಸಹಾಯ.

ಇನ್ನೊಂದು ದಾರಿ ವಿದ್ಯುತ್ ಪ್ರತಿರೋಧ. ಸೊಂಟದ ಸುತ್ತ 8 ಅಥವಾ 16 ಎಲೆಕ್ಟ್ರೋಡ್ ಇಟ್ಟು ಅತಿ ಸಣ್ಣ ವಿದ್ಯುತ್ ಹಾಯಿಸಿದರೆ, ಉಪ್ಪಿನಂಶದ ಮೂತ್ರ ತುಂಬಿದಂತೆ ಪ್ರತಿರೋಧ ಇಳಿಯುತ್ತದೆ. ಅಗ್ಗ, ಹಗುರ. ಆದರೆ ಮೂತ್ರದ ವಾಹಕತೆ ದಿನವಿಡೀ ಬದಲಾಗುತ್ತಿರುತ್ತದೆ. ಏಪ್ರಿಲ್ ಬಿಸಿಲಲ್ಲಿ ನೀರು ಕುಡಿಯದ ದಿನದ ಗಟ್ಟಿ ಮೂತ್ರ 200 ಮಿ.ಲೀ.ಯೂ, ಎರಡು ಲೋಟ ಮಜ್ಜಿಗೆ ಕುಡಿದ ಮೇಲಿನ ತೆಳು ಮೂತ್ರ 400 ಮಿ.ಲೀ.ಯೂ ಒಂದೇ ಥರ ಕಾಣಬಹುದು. ಬೆವರಿದಾಗ ಎಲೆಕ್ಟ್ರೋಡ್ ಸಂಪರ್ಕವೂ ಕೆಡುತ್ತದೆ. ಕೂತು ನಿಂತರೂ ಸಂಕೇತ ಜಿಗಿಯುತ್ತದೆ.

ನಮ್ಮ ದೇಶದಲ್ಲಿ ಅಲ್ಟ್ರಾಸೌಂಡ್‌ಗೆ ಇನ್ನೊಂದು ಮುಖ್ಯ ಸಂಗತಿ ಸೇರುತ್ತದೆ: ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ. ಭ್ರೂಣದ ಲಿಂಗ ತಿಳಿಯಬಲ್ಲ ಯಂತ್ರ ನೋಂದಣಿಯಿಲ್ಲದ ಜಾಗದಲ್ಲಿ ಇರುವಂತಿಲ್ಲ. ಅಲ್ಟ್ರಾಸೌಂಡ್ ಮಾದರಿ ಕಟ್ಟುವ ತಂಡ ಮೊದಲ ತಿಂಗಳೇ ಈ ಪ್ರಶ್ನೆಯನ್ನು ಆಸ್ಪತ್ರೆಯ ರೇಡಿಯಾಲಜಿ ವಿಭಾಗದ ಜೊತೆ ಇತ್ಯರ್ಥ ಮಾಡಿಕೊಳ್ಳಬೇಕು.

ನಾವು ವಿದ್ಯಾರ್ಥಿಗಳು. ಎಸ್‌ಪಿ ರೋಡ್‌ನಲ್ಲಿ ಸಿಗುವ ಬಿಡಿಭಾಗಗಳಿಂದ ಯೂರೋಫ್ಲೋ ಮಾಡಬಹುದಾ?

ಕಲಿಯಲು ಖಂಡಿತ ಮಾಡಬಹುದು, ರೋಗಿಯ ಮೇಲೆ ಬಳಸಲು ಅಲ್ಲ. 2 ಕಿಲೋ ಲೋಡ್ ಸೆಲ್ (ತೂಕದ ಸಂವೇದಕ), ಎಚ್‌ಎಕ್ಸ್711 ಆಂಪ್ಲಿಫೈಯರ್, ಒಂದು ಇಎಸ್‌ಪಿ32 (ಪುಟ್ಟ ಕಂಪ್ಯೂಟರ್ ಚಿಪ್), ಒಂದು ಲೀಟರ್ ಜಾರ್, ಆಲಿಕೆ ಸಾಕು. ಆಲಿಕೆಯನ್ನು ಬೇರೆ ಸ್ಟ್ಯಾಂಡಿಗೆ ಕಟ್ಟಿ. ಅದು ಜಾರ್‌ಗೆ ತಾಗಿದರೆ ಧಾರೆಯ ಹೊಡೆತವೂ ತೂಕವಾಗಿ ಓದಿಕೊಳ್ಳುತ್ತದೆ.

ಬಹುತೇಕ ತಂಡಗಳು ಎಡವುವುದು ಲೆಕ್ಕದಲ್ಲಿ. ತೂಕ ಸರಿ ಬಂದರೂ ಹರಿವು ಹುಚ್ಚುಹುಚ್ಚಾಗಿ ಕುಣಿಯುತ್ತದೆ. ಕಾರಣ ಸರಳ: ಸೆಕೆಂಡಿಗೆ 10 ಓದು ಬರುವಾಗ ಎರಡು ಓದುಗಳ ನಡುವೆ 0.3 ಗ್ರಾಂ ಗದ್ದಲವಿದ್ದರೆ, 0.1 ಸೆಕೆಂಡಿನಿಂದ ಭಾಗಿಸಿದಾಗ ಸೆಕೆಂಡಿಗೆ 3 ಮಿ.ಲೀ. ಸುಳ್ಳು ಹರಿವು ಹುಟ್ಟುತ್ತದೆ. ಗರಿಷ್ಠ ಹರಿವು ಹುಡುಕುವ ಮುಂಚೆ 2 ಸೆಕೆಂಡಿನ ಜಾರುವ ಸರಾಸರಿ ತೆಗೆಯಿರಿ. ಅಂತರರಾಷ್ಟ್ರೀಯ ಕಾಂಟಿನೆನ್ಸ್ ಸೊಸೈಟಿಯ 2002ರ ಮಾರ್ಗಸೂಚಿ ಹೇಳುವುದೂ ಅದನ್ನೇ. ಉತ್ತರವನ್ನು 14.37 ಎಂದು ತೋರಿಸಬೇಡಿ. ಹರಿವನ್ನು ಪೂರ್ಣಾಂಕಕ್ಕೆ, ಪ್ರಮಾಣವನ್ನು ಹತ್ತರ ಹತ್ತಿರಕ್ಕೆ ಇಳಿಸಿ.

ಪರೀಕ್ಷೆಗೆ 100, 200, 500 ಮಿ.ಲೀ. ನೀರು ಸುರಿದರೆ ಪ್ರಮಾಣ ಮಾತ್ರ ಸರಿಯೇ ಎಂದು ತಿಳಿಯುತ್ತದೆ. ಹರಿವಿಗೆ ಮೇರಿಯಟ್ ಬಾಟಲಿ ಮಾಡಿ. ಗಾಳಿಯಾಡದಂತೆ ಮುಚ್ಚಿದ ಬಾಟಲಿಯ ತಳಕ್ಕೆ ಹತ್ತಿರ ಇಳಿಯುವ ಗಾಳಿಕೊಳವೆ, ಕೆಳಗೊಂದು ತೂತು. ನೀರಿನ ಮಟ್ಟ ಇಳಿದರೂ ಹರಿವು ಒಂದೇ ಸಮ ಇರುತ್ತದೆ. ಲೋಡ್ ಸೆಲ್ ಬಿಸಿಯೇರಿ ನೆಲೆಗೊಳ್ಳಲು 15 ನಿಮಿಷ ಬಿಡಿ.

ಫೋನ್‌ನಲ್ಲಿ ಶಬ್ದ ಕೇಳಿ ಹರಿವು ಹೇಳುವ ಆ್ಯಪ್‌ಗಳು?

ನೀರಿನ ಮೇಲೆ ಬೀಳುವ ಧಾರೆಯ ಶಬ್ದದಿಂದ ಗೆರೆಯ ಆಕಾರ ತಕ್ಕಮಟ್ಟಿಗೆ ಸರಿಯಾಗಿಯೇ ಸಿಗುತ್ತದೆ. ಪ್ರಮಾಣದಲ್ಲಿ ತಪ್ಪು ಹೆಚ್ಚು. ಧಾರೆ ಕಮೋಡ್‌ನ ಗೋಡೆಗೆ ಬಿದ್ದರೆ, ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿದ್ದರೆ, ಬಕೆಟ್‌ಗೆ ನಲ್ಲಿ ಬಿಟ್ಟಿದ್ದರೆ ಎಲ್ಲ ಕೆಡುತ್ತದೆ. ಒಬ್ಬರದೇ ವಾರಗಳ ಬದಲಾವಣೆ ನೋಡಲು ಬಳಸಬಹುದು.

ಭಾರತೀಯ ಶೌಚಾಲಯ ಬಳಸುವ ಹೆಂಗಸರಿಗೆ ಈ ಸಂಖ್ಯೆಗಳು ಹೊಂದುತ್ತವೆಯೇ?

ಎಚ್ಚರದಿಂದ ಓದಬೇಕು. ಬಹುಪಾಲು ಯಂತ್ರಗಳು ಕಮೋಡ್ ಎತ್ತರದ ಕುರ್ಚಿಗಾಗಿ ಮಾಡಿದವು. ಕುಕ್ಕರಗಾಲಲ್ಲಿ ಕೂತು ಅಭ್ಯಾಸವಾದವರಿಗೆ ಅದರ ಮೇಲೆ ಸಡಿಲಾಗುವುದು ಕಷ್ಟ. ಸಾರ್ವಜನಿಕ ಕಮೋಡ್ ಮುಟ್ಟಲು ಹೇಸಿ ಅರ್ಧ ಬಗ್ಗಿ ನಿಲ್ಲುವ ಭಂಗಿಯಲ್ಲಿ ತೊಡೆ ಮತ್ತು ಶ್ರೋಣಿಯ ಸ್ನಾಯು ಬಿಗಿಯಾಗಿ ಹರಿವು ಇಳಿಯುತ್ತದೆ, ಒಳಗೆ ಉಳಿಯುವುದು ಹೆಚ್ಚುತ್ತದೆ. ಹಾಗಾಗಿ ಕುರ್ಚಿ ಶುಚಿಯಾಗಿರಬೇಕು, ಅದು ಕಣ್ಣಿಗೆ ಕಾಣಬೇಕು, ಪಾದ ಊರಲು ಮಣೆ ಬೇಕು. ಕೆಲಸದ ಜಾಗದಲ್ಲಿ ಶೌಚಾಲಯ ಸರಿಯಿಲ್ಲವೆಂದು ದಿನವಿಡೀ ನೀರು ಕುಡಿಯದ ಹೆಂಗಸರ ಡೈರಿಯಲ್ಲಿ ಸಂಜೆ ಮನೆಗೆ ಬಂದ ಮೇಲಿನ ಸಂಖ್ಯೆಗಳೇ ತುಂಬಿರುತ್ತವೆ. ಕೆಲಸದ ದಿನ ಒಂದು, ರಜೆಯ ದಿನ ಒಂದಾದರೂ ಬರೆಸಬೇಕು.

ಮಕ್ಕಳಿಗೆ?

ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿ: ಆರು ವರ್ಷದ ಮಗುವಿಗೆ 210 ಮಿ.ಲೀ. ನಿರೀಕ್ಷಿತ ಸಾಮರ್ಥ್ಯ. ಯೂರೋಫ್ಲೋ ಜೊತೆ ಚರ್ಮದ ಮೇಲೆ ಅಂಟಿಸುವ ಎಲೆಕ್ಟ್ರೋಡ್‌ಗಳಿಂದ, ಮಗು ಬಿಡಬೇಕಾದಾಗ ಬಿಗಿಹಿಡಿಯುತ್ತಿದೆಯೇ ಎಂದು ನೋಡಬಹುದು. ಸೂಜಿಯಿಲ್ಲ ಎಂದು ಮಗುವಿಗೆ ಮೊದಲೇ ಹೇಳಿ.

ಬೆನ್ನುಹುರಿ ಪೆಟ್ಟಾದವರು ಪಟ್ಟಿ, ಸ್ಕ್ಯಾನರ್ ನಂಬಿ ಇರಬಹುದೇ?

ಇಲ್ಲ. ಹುಟ್ಟಿನಿಂದ ಬೆನ್ನುಹುರಿಯ ದೋಷವಿರುವ ಮಕ್ಕಳಿಗೂ ಇದೇ ಉತ್ತರ. ಇವರಲ್ಲಿ ಅಪಾಯ ಪ್ರಮಾಣದಿಂದಲ್ಲ, ಒತ್ತಡದಿಂದ. ತುಂಬುವಾಗಿನ ಒತ್ತಡ 40 ಸೆಂ.ಮೀ. ನೀರಿಗಿಂತ ಮೇಲೆ ಇದ್ದರೆ ಕಿಡ್ನಿಗೆ ಹಾನಿ ಎಂದು 1981ರಲ್ಲೇ ತಿಳಿದಿದೆ. ಹೊರಗಿನ ಯಾವ ಸಾಧನವೂ ಇದನ್ನು ನಂಬುವಂತೆ ಹೇಳಲಾರದು. ನೋವೂ ಆಗುವುದಿಲ್ಲ, ಕಿಡ್ನಿ ಸದ್ದಿಲ್ಲದೆ ಕೆಡುತ್ತದೆ. ವೈದ್ಯರು ಹೇಳಿದ ಯೂರೋಡೈನಮಿಕ್ಸ್ ತಪ್ಪಿಸಬೇಡಿ. ಗಂಟೆ ನೋಡಿ ಕ್ಯಾತಿಟರ್ ಹಾಕಿಕೊಳ್ಳುವವರಿಗೆ ಸ್ಕ್ಯಾನರ್ "ಈಗ ಬೇಕೋ, ಇನ್ನೊಂದು ಗಂಟೆ ಬಿಡಬಹುದೋ" ಎಂದು ಹೇಳಿದರೆ ಅಷ್ಟು ಲಾಭ.

ಉರಿಮೂತ್ರಕ್ಕೆ ಮನೆಯಲ್ಲೇ ಸ್ಟ್ರಿಪ್ ಅದ್ದಿ ನೋಡಿದರೆ ಸಾಲದೇ?

ಸುಳಿವು ಸಿಗುತ್ತದೆ, ತೀರ್ಪಲ್ಲ. ಬ್ಯಾಕ್ಟೀರಿಯಾದ ಗುರುತು ತೋರಿಸುವ ನೈಟ್ರೈಟ್ ಚೌಕ ಬಣ್ಣ ತಿರುಗಲು ಮೂತ್ರ ಒಳಗೆ ನಾಲ್ಕು ಗಂಟೆಯಾದರೂ ಇದ್ದಿರಬೇಕು, ಹಾಗಾಗಿ ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಕೆಲವು ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುವುದೇ ಇಲ್ಲ, ವಿಟಮಿನ್ ಸಿ ಮಾತ್ರೆಯೂ ಬಣ್ಣ ಮರೆಸುತ್ತದೆ. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಹಾಳು. ನೋವಿಲ್ಲದೆ ಮೂತ್ರದಲ್ಲಿ ಒಮ್ಮೆ ರಕ್ತ ಕಂಡು ತಾನೇ ನಿಂತರೂ, ಅದರಲ್ಲೂ ತಂಬಾಕು ಬಳಸುವವರು, ಕಾಯಬೇಡಿ. ಮೂತ್ರದ ಗುರುತುಪರೀಕ್ಷೆಗಳು ಎಷ್ಟೇ ಮುಂದುವರಿದರೂ ಮೂತ್ರಕೋಶದ ಕ್ಯಾನ್ಸರ್ ಇಲ್ಲವೆಂದು ಹೇಳಲು ಸಿಸ್ಟೋಸ್ಕೋಪಿ (ಒಳಗೆ ದೂರ್ಬೀನು ಹಾಕಿ ನೋಡುವುದು) ಬೇಕು. ತೋರಿಸಿಕೊಳ್ಳಲು, ವಿಕ್ಟೋರಿಯಾ ಆಸ್ಪತ್ರೆ ಆವರಣದ ನೆಫ್ರೋ ಯೂರಾಲಜಿ ಸಂಸ್ಥೆ ಸರ್ಕಾರದ್ದೇ.

ಅಧ್ಯಯನಕ್ಕೆ ಸೇರುವ ಮುಂಚೆ ಏನು ಕೇಳಬೇಕು?

ಮಾಹಿತಿ ಪತ್ರ ಕನ್ನಡದಲ್ಲಿದೆಯೇ? ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಬೇಕು. ನೈತಿಕ ಸಮಿತಿಯ ಒಪ್ಪಿಗೆ ಪತ್ರ ಇದೆಯೇ? ಕ್ಲಿನಿಕಲ್ ಟ್ರಯಲ್ ಆಗಿದ್ದರೆ ಸಿಟಿಆರ್‌ಐ (ದೇಶದ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ, ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಸಾಧನದಿಂದ ಚರ್ಮ ಕೆಂಪಾದರೆ, ಸೋಂಕಾದರೆ ಚಿಕಿತ್ಸೆಯ ಖರ್ಚು ಯಾರದು? ಶೌಚಾಲಯದಲ್ಲಿ ಕ್ಯಾಮೆರಾ ಅಥವಾ ಮೈಕ್ ಇದೆಯೇ, ಆ ದಾಖಲೆ ಎಲ್ಲಿ ಉಳಿಯುತ್ತದೆ, ಯಾವಾಗ ಅಳಿಸುತ್ತಾರೆ? ಯಾವ ಹೊತ್ತಿಗೆ ಬೇಕಾದರೂ ಕಾರಣ ಹೇಳದೆ ಹೊರಬರಬಹುದು. ಅದರಿಂದ ನಿಮ್ಮ ಮಾಮೂಲಿ ಚಿಕಿತ್ಸೆಗೆ ತೊಂದರೆಯಾಗಬಾರದು.

ಮೂತ್ರ ಪೂರ್ತಿ ಕಟ್ಟಿಬಿಟ್ಟಿದೆ. ಸ್ಕ್ಯಾನ್‌ಗೆ ಎಲ್ಲಿ ಹೋಗಲಿ?

ಸ್ಕ್ಯಾನ್ ಸೆಂಟರ್ ಹುಡುಕಬೇಡಿ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, 108ಕ್ಕೆ ಕರೆ ಮಾಡಿದರೂ ಸರಿ. ಮೂತ್ರ ಬರಲಿ ಎಂದು ಇನ್ನಷ್ಟು ನೀರು ಕುಡಿಸಬೇಡಿ. ಅಲ್ಲಿ ನಳಿಕೆ ಹಾಕುತ್ತಾರೆ, ಆ ಹೊತ್ತಿಗೆ ಅದೇ ಚಿಕಿತ್ಸೆ. ಮೊದಲ ಸಲ ಎಷ್ಟು ಮಿ.ಲೀ. ಬಂತು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದೆ ನೋಡುವ ಯೂರಾಲಜಿಸ್ಟ್ ಮೊದಲು ಕೇಳುವುದು ಆ ಸಂಖ್ಯೆಯನ್ನೇ.